ಸೆಲ್ಫ್ ತಿರುಗುತ್ತದೆ, ಕಾರು ಸ್ಟಾರ್ಟ್ ಆಗುತ್ತಿಲ್ಲ: ಎಲ್ಲಿಂದ ಹುಡುಕಬೇಕು?

ಕೀ ತಿರುಗಿಸಿದರೆ ಇಂಜಿನ್ ಜೋರಾಗಿ ಸುತ್ತುತ್ತದೆ. ಆದರೆ ಹತ್ತಿಕೊಳ್ಳುವುದಿಲ್ಲ. ಏನಾಗಿರಬಹುದು? ಈ ಪ್ರಶ್ನೆಯನ್ನು ತುಂಬಾ ಜನ ಕೇಳುತ್ತಾರೆ, ಮಳೆಗಾಲದಲ್ಲಂತೂ ಇನ್ನೂ ಜಾಸ್ತಿ. ಕೇಳುವವರಲ್ಲಿ ಎಷ್ಟೋ ಜನ ಅಷ್ಟರಲ್ಲಾಗಲೇ ಹೊಸ ಬ್ಯಾಟರಿ ಹಾಕಿಸಿರುತ್ತಾರೆ. ದುಡ್ಡು ಹೋಗಿರುತ್ತದೆ, ಕಾರು ಅಲ್ಲೇ ನಿಂತಿರುತ್ತದೆ. ಸೆಲ್ಫ್, ಅಂದರೆ ಇಂಜಿನ್ ಸುತ್ತಿಸುವ ಮೋಟರ್, ಚುರುಕಾಗಿ ತಿರುಗುತ್ತಿದ್ದರೆ ಬ್ಯಾಟರಿ ತನ್ನ ಕೆಲಸ ಮಾಡುತ್ತಿದೆ ಎಂದೇ ಅರ್ಥ. ತೊಂದರೆ ಬೇರೆ ಎಲ್ಲೋ ಇರುತ್ತದೆ.

ಒಂದು ವಿಷಯ ಮೊದಲೇ ಸ್ಪಷ್ಟವಾಗಲಿ. ಕೀ ತಿರುಗಿಸಿದಾಗ ಬರೀ "ಟಿಕ್" ಅಂದು ಸುಮ್ಮನಾಗುವುದು, ಅಥವಾ ಏನೂ ಸದ್ದೇ ಬಾರದಿರುವುದು ಬೇರೆ ಕಾಯಿಲೆ. ಅದಕ್ಕೆ ಬ್ಯಾಟರಿ, ಟರ್ಮಿನಲ್, ಸೆಲ್ಫ್ ಮೋಟರ್ ನೋಡಬೇಕು. ಇಲ್ಲಿ ಹೇಳುತ್ತಿರುವುದು ಇಂಜಿನ್ ಸುತ್ತಿಯೂ ಸ್ಟಾರ್ಟ್ ಆಗದ ಕಾರಿನ ಬಗ್ಗೆ. ಮುಖ್ಯವಾಗಿ ಇಂಜೆಕ್ಷನ್ (ಪೆಟ್ರೋಲ್ ಸಿಂಪಡಿಸುವ ವ್ಯವಸ್ಥೆ) ಇರುವ ಪೆಟ್ರೋಲ್ ಕಾರುಗಳು, ಅಂದರೆ ಇವತ್ತು ರಸ್ತೆಯಲ್ಲಿರುವ ಬಹುಪಾಲು ಪೆಟ್ರೋಲ್ ಕಾರುಗಳು. ಡೀಸೆಲ್ ಮತ್ತು ಸಿಎನ್‌ಜಿ ವಿಷಯ ಕೊನೆಯ ಕಡೆ ಇದೆ.

ಪೆಟ್ರೋಲ್ ಇಂಜಿನ್ ಹತ್ತಿಕೊಳ್ಳಲು ಪೆಟ್ರೋಲ್ ಬರಬೇಕು, ಪ್ಲಗ್‌ನಲ್ಲಿ ಕಿಡಿ ಬರಬೇಕು, ಒಳಗಿನ ಗಾಳಿ ಸರಿಯಾಗಿ ಒತ್ತಿಕೊಳ್ಳಬೇಕು. ಈ ಮೂರೂ ಸರಿಯಾದ ಗಳಿಗೆಯಲ್ಲಿ ಆಗಬೇಕು. ಇದರ ಮೇಲೆ ಇಸಿಯು, ಅಂದರೆ ಇಂಜಿನ್ ನಡೆಸುವ ಪುಟ್ಟ ಕಂಪ್ಯೂಟರ್, ಒಪ್ಪಿಗೆ ಕೊಡಬೇಕು. ಯಾವುದು ತಪ್ಪಿದೆ ಎಂದು ಸುಲಭದಿಂದ ಕಷ್ಟದ ಕಡೆಗೆ, ಖರ್ಚಿಲ್ಲದ್ದರಿಂದ ಖರ್ಚಿನ ಕಡೆಗೆ ನೋಡುತ್ತಾ ಹೋಗೋಣ.

ಬೇಕಾಗುವ ಸಾಮಾನು ಕಮ್ಮಿ. ಒಂದು ಟಾರ್ಚ್, ಕಾರಿನ ಜೊತೆ ಬಂದ ಪುಸ್ತಕ, ಮನೆಯಲ್ಲಿಟ್ಟಿರುವ ಎರಡನೇ ಕೀ. ಸಾಧ್ಯವಾದರೆ ಒಂದು ಮಲ್ಟಿಮೀಟರ್ ಮತ್ತು ಮೊಬೈಲ್‌ಗೆ ಜೋಡಿಸುವ ಒಬಿಡಿ ಸ್ಕ್ಯಾನರ್. ಒಬಿಡಿ ಎಂದರೆ ಇಸಿಯು ತನ್ನಲ್ಲಿ ಬರೆದಿಟ್ಟುಕೊಂಡ ದೋಷಗಳನ್ನು ಓದಿ ಹೇಳುವ ವ್ಯವಸ್ಥೆ. ಜೊತೆಗೆ ಇನ್ನೊಬ್ಬರಿದ್ದರೆ ತುಂಬಾ ಒಳ್ಳೆಯದು. ಒಬ್ಬರು ಕೀ ತಿರುಗಿಸಬೇಕು, ಇನ್ನೊಬ್ಬರು ಕಿವಿಗೊಡಬೇಕು.

ಕೈ ಹಾಕುವ ಮೊದಲು ಈ ಎಚ್ಚರಿಕೆಗಳು

ಗೇರ್ ನ್ಯೂಟ್ರಲ್‌ನಲ್ಲಿರಲಿ, ಆಟೊಮ್ಯಾಟಿಕ್ ಆದರೆ ಪಾರ್ಕ್‌ನಲ್ಲಿರಲಿ. ಹ್ಯಾಂಡ್‌ಬ್ರೇಕ್ ಎಳೆದಿರಲಿ. ಹೆದ್ದಾರಿಯಲ್ಲಿ ನಿಂತಿದ್ದರೆ ಮೊದಲು ಹಜಾರ್ಡ್ ಲೈಟ್ ಹಾಕಿ, ಹಿಂದೆ ತ್ರಿಕೋನ ಇಟ್ಟು, ಎಲ್ಲರೂ ರಸ್ತೆಯಿಂದ ಆಚೆ ನಿಲ್ಲಿ. ರಾಷ್ಟ್ರೀಯ ಹೆದ್ದಾರಿಯಾದರೆ 1033ಕ್ಕೆ ಫೋನ್ ಮಾಡಿ ನೆರವು ಕೇಳಬಹುದು.

ಸೆಲ್ಫ್ ಅನ್ನು ಒಮ್ಮೆಗೆ 5 ಸೆಕೆಂಡ್, ಜಾಸ್ತಿ ಎಂದರೆ 10 ಸೆಕೆಂಡ್ ಮಾತ್ರ ಹೊಡೆಯಿರಿ. ಆಮೇಲೆ ಅರ್ಧ ನಿಮಿಷದಿಂದ ಒಂದು ನಿಮಿಷ ಬಿಡಿ. ಒಂದೇ ಸಮ ಹೊಡೆಯುತ್ತಿದ್ದರೆ ಸೆಲ್ಫ್ ಮೋಟರ್ ಸುಡುತ್ತದೆ, ಚೆನ್ನಾಗಿದ್ದ ಬ್ಯಾಟರಿಯೂ ಇಳಿಯುತ್ತದೆ. ಆಗ ಒಂದು ತೊಂದರೆ ಮೂರಾಗುತ್ತದೆ. ನಾನು ಇಡೀ ಲೇಖನದಲ್ಲಿ ಒಂದೇ ಮಾತು ಒತ್ತಿ ಹೇಳಬೇಕೆಂದರೆ ಇದನ್ನೇ ಹೇಳುತ್ತೇನೆ: ಎರಡು ಸಲ ಸೆಲ್ಫ್ ಹೊಡೆದು ಆಗಲಿಲ್ಲವೆಂದರೆ ನಿಲ್ಲಿಸಿ, ನೋಡಿ, ಕೇಳಿ.

ನೀರು ನಿಂತ ರಸ್ತೆಯಲ್ಲಿ ಕಾರು ಆಫ್ ಆಗಿದ್ದರೆ ಒಂದು ಸಲವೂ ಸೆಲ್ಫ್ ಹೊಡೆಯಬೇಡಿ. ಗಾಳಿ ಹೋಗುವ ದಾರಿಯಲ್ಲಿ ನೀರು ಒಳಹೊಕ್ಕಿದ್ದರೆ ಅದನ್ನು ಒತ್ತಲು ಹೋಗಿ ಪಿಸ್ಟನ್ ಹಿಡಿದಿರುವ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಇಂಜಿನ್ ಬಿಚ್ಚಬೇಕಾಗುತ್ತದೆ. ಇಂಜಿನ್ ಪ್ರೊಟೆಕ್ಟ್ ಎಂಬ ಹೆಚ್ಚುವರಿ ರಕ್ಷಣೆ ತೆಗೆದುಕೊಂಡಿರದಿದ್ದರೆ ಸಾಮಾನ್ಯ ವಿಮೆಯಲ್ಲಿ ಈ ಖರ್ಚು ಸಿಗುವುದು ಕಷ್ಟ. ಹಾಗೆಯೇ ತಳ್ಳಿಸಿ ತೆಗೆದುಕೊಂಡು ಹೋಗಿ.

ಬಾನೆಟ್ ಎತ್ತಿದಾಗ ಅಥವಾ ಕಾರಿನ ಕೆಳಗೆ ಪೆಟ್ರೋಲ್ ಸೋರುತ್ತಿರುವುದು ಕಂಡರೆ ಅಲ್ಲಿಗೇ ಬಿಡಿ. ಸುತ್ತ ಬೀಡಿ, ಸಿಗರೇಟ್ ಇರಬಾರದು.

ಹಂತ 1: ಸೆಲ್ಫ್ ಸದ್ದು ಕೇಳಿ

ಇಂಜಿನ್ ಸುತ್ತುವ ಸದ್ದೇ ಅರ್ಧ ಉತ್ತರ ಹೇಳುತ್ತದೆ. ಮಾಮೂಲಿ ಸದ್ದಿಗೆ ಒಂದು ಲಯ ಇರುತ್ತದೆ. ಪ್ರತಿ ಸಿಲಿಂಡರ್ ಗಾಳಿ ಒತ್ತುವಾಗ ಸೆಲ್ಫ್ ಕೊಂಚ ಬಿಗಿಯಾಗುತ್ತದೆ, ಮತ್ತೆ ಸಡಿಲವಾಗುತ್ತದೆ.

ಆ ಲಯವೇ ಇಲ್ಲದೆ, ಎಂದಿಗಿಂತ ವೇಗವಾಗಿ, ಬಿಗಿಯೇ ಇಲ್ಲದಂತೆ "ವೀಂ" ಎಂದು ಸುತ್ತಿದರೆ ಟೈಮಿಂಗ್ ಬೆಲ್ಟ್ ಹರಿದಿರಬಹುದು. ಇಂಜಿನ್‌ನ ಕೆಳಭಾಗ ಮತ್ತು ಮೇಲಿನ ವಾಲ್ವ್‌ಗಳನ್ನು ಒಟ್ಟಿಗೆ ತಿರುಗಿಸುವ ಬೆಲ್ಟ್ ಅದು. ಈ ಅನುಮಾನ ಬಂದ ಕ್ಷಣ ಸೆಲ್ಫ್ ಹೊಡೆಯುವುದನ್ನು ನಿಲ್ಲಿಸಿ. ಎಷ್ಟೋ ಇಂಜಿನ್‌ಗಳಲ್ಲಿ ಪಿಸ್ಟನ್ ಬಂದು ವಾಲ್ವ್‌ಗೆ ಬಡಿಯುತ್ತದೆ. ಹಳೆಯ ಸ್ಯಾಂಟ್ರೊ, ಮಾರುತಿ 800ರಂಥ ಕಾರುಗಳಲ್ಲಿ ಬೆಲ್ಟ್ ಇರುತ್ತದೆ. ಈಗಿನ ತುಂಬಾ ಕಾರುಗಳಲ್ಲಿ ಚೈನ್ ಬಂದಿದೆ. ಚೈನ್ ಹರಿಯುವುದು ಅಪರೂಪ, ಆದರೆ ಸಡಿಲವಾಗಿ ಹಲ್ಲು ಜಾರುವುದುಂಟು.

ಸೆಲ್ಫ್ ನಿಧಾನವಾಗಿ, ಎಳೆದುಕೊಂಡು ಸುತ್ತಿದರೆ ಮಾತ್ರ ಬ್ಯಾಟರಿಯನ್ನು ಅನುಮಾನಿಸಿ. ಪೂರ್ತಿ ಚಾರ್ಜ್ ಆದ ಬ್ಯಾಟರಿ ಸುಮ್ಮನೆ ಇದ್ದಾಗ ಸುಮಾರು 12.6 ವೋಲ್ಟ್ ತೋರಿಸುತ್ತದೆ. ಸೆಲ್ಫ್ ಹೊಡೆಯುವಾಗ ಅದು 9.6ಕ್ಕಿಂತ ಕೆಳಗೆ ಬೀಳಬಾರದು. ಬಿದ್ದರೆ ಇಂಜಿನ್ ಸುತ್ತಿದರೂ ಇಸಿಯು ಮತ್ತು ಕಿಡಿ ಹುಟ್ಟಿಸುವ ಕಾಯಿಲ್‌ಗೆ ಸಾಕಷ್ಟು ಕರೆಂಟ್ ಸಿಗುವುದಿಲ್ಲ. ಹೊಸದು ತರುವ ಮುಂಚೆ ಟರ್ಮಿನಲ್ ಮೇಲಿನ ಬಿಳಿ, ಹಸಿರು ಪುಡಿ ಉಜ್ಜಿ ತೆಗೆದು, ನಟ್ ಬಿಗಿ ಮಾಡಿ ನೋಡಿ.

ಹಂತ 2: ಮೀಟರ್ ಬೋರ್ಡ್ ನೋಡಿ

ಕೀಯನ್ನು ಆನ್ ಸ್ಥಾನಕ್ಕೆ ತಿರುಗಿಸಿ, ಸೆಲ್ಫ್ ಹೊಡೆಯಬೇಡಿ. ಬಟನ್ ಸ್ಟಾರ್ಟ್ ಇರುವ ಹೆಚ್ಚಿನ ಕಾರುಗಳಲ್ಲಿ ಬ್ರೇಕ್ ಅಥವಾ ಕ್ಲಚ್ ತುಳಿಯದೆ ಬಟನ್ ಎರಡು ಸಲ ಒತ್ತಿದರೆ ಆನ್ ಆಗುತ್ತದೆ.

ಈಗ ಹಳದಿ ಬಣ್ಣದ ಚೆಕ್ ಇಂಜಿನ್ ದೀಪ ಉರಿಯಬೇಕು. ತುಂಬಾ ಜನ ಇಲ್ಲಿ ತಪ್ಪು ತಿಳಿಯುತ್ತಾರೆ. ಇಂಜಿನ್ ಆಫ್ ಇದ್ದು ಕೀ ಆನ್ ಇದ್ದಾಗ ಆ ದೀಪ ಉರಿಯುವುದೇ ಸರಿ, ಅದು ದೋಷವಲ್ಲ. ಉರಿಯದೇ ಇದ್ದರೆ ಅನುಮಾನಿಸಬೇಕು. ಆಗ ಇಸಿಯುಗೆ ಕರೆಂಟೇ ಹೋಗುತ್ತಿಲ್ಲದಿರಬಹುದು. ಅದರ ಫ್ಯೂಸ್ ಅಥವಾ ಮೇನ್ ರಿಲೇ (ರಿಲೇ ಎಂದರೇನು ಎಂದು ಹಂತ 4ರಲ್ಲಿದೆ) ನೋಡಬೇಕಾಗುತ್ತದೆ.

ಮುಂದೆ ಇಮೊಬಿಲೈಸರ್. ಕಳ್ಳತನ ತಡೆಯಲು ಇಟ್ಟಿರುವ ಬೀಗ ಅದು. ಕೀಯ ಪ್ಲಾಸ್ಟಿಕ್ ಹಿಡಿಯೊಳಗೆ ಒಂದು ಚಿಪ್ ಇರುತ್ತದೆ. ಇಸಿಯು ಅದನ್ನು ಗುರುತು ಹಿಡಿದರೆ ಮಾತ್ರ ಇಂಜಿನ್‌ಗೆ ಒಪ್ಪಿಗೆ. ಗುರುತು ಸಿಗದಿದ್ದರೆ ಕೆಲವು ಕಾರುಗಳಲ್ಲಿ ಸೆಲ್ಫೇ ತಿರುಗುವುದಿಲ್ಲ. ಇನ್ನು ಕೆಲವದರಲ್ಲಿ ಸೆಲ್ಫ್ ಚೆನ್ನಾಗಿ ತಿರುಗುತ್ತದೆ, ಇಂಜಿನ್ ಹತ್ತುವುದಿಲ್ಲ, ಅಥವಾ ಹತ್ತಿ ಒಂದೆರಡು ಸೆಕೆಂಡಿಗೆ ಆರುತ್ತದೆ. ಮೀಟರ್ ಬೋರ್ಡ್‌ನಲ್ಲಿ ಬೀಗ ಅಥವಾ ಕೀ ಚಿತ್ರದ ದೀಪ ಮಿನುಗುತ್ತಿದ್ದರೆ ಇಲ್ಲೇ ತೊಂದರೆ ಎಂದುಕೊಳ್ಳಿ.

ಎರಡನೇ ಕೀ ತಂದು ಪ್ರಯತ್ನಿಸಿ. ಅದರಲ್ಲಿ ಸ್ಟಾರ್ಟ್ ಆದರೆ ಮೊದಲ ಕೀಯ ಚಿಪ್ ಹಾಳಾಗಿದೆ, ವಿಷಯ ಮುಗಿಯಿತು. ಬಟನ್ ಸ್ಟಾರ್ಟ್ ಕಾರಾದರೆ ಕೀಯನ್ನೇ ಸ್ಟಾರ್ಟ್ ಬಟನ್‌ಗೆ ತಾಗಿಸಿ ಹಿಡಿದು ಒತ್ತಿ. ಕೀಯೊಳಗಿನ ಸೆಲ್ ಮುಗಿದಿದ್ದರೂ ಹೆಚ್ಚಿನ ಕಾರುಗಳು ಹೀಗೆ ಸ್ಟಾರ್ಟ್ ಆಗುತ್ತವೆ. ಕೆಲವು ಕಾರುಗಳಲ್ಲಿ ಕೀ ಇಡುವ ಜಾಗ ಬೇರೆ ಇರುತ್ತದೆ, ಪುಸ್ತಕದಲ್ಲಿ ನೋಡಿಕೊಳ್ಳಿ. ಸೆಲ್ ಹೆಚ್ಚಾಗಿ ಸಿಆರ್2032 ಅಥವಾ ಅದೇ ಜಾತಿಯದು. ಗಡಿಯಾರದ ಅಂಗಡಿಯಲ್ಲೂ ಸಿಗುತ್ತದೆ.

ಸೆಕೆಂಡ್ ಹ್ಯಾಂಡ್ ಕಾರು ತಗೊಂಡವರು ಇನ್ನೊಂದನ್ನು ನೋಡಬೇಕು. ಹಿಂದಿನ ಮಾಲೀಕರು ಹೊರಗಿನ ಅಂಗಡಿಯಲ್ಲಿ ಅಲಾರ್ಮ್ ಅಥವಾ ಜಿಪಿಎಸ್ ಹಾಕಿಸಿದ್ದರೆ, ಅದರ ಜೊತೆಗೆ ಪೆಟ್ರೋಲ್ ಪಂಪ್ (ಟ್ಯಾಂಕಿನಿಂದ ಇಂಜಿನ್‌ಗೆ ಪೆಟ್ರೋಲ್ ಕಳಿಸುವ ಮೋಟರ್) ಅಥವಾ ಇಗ್ನಿಷನ್‌ನ ಕರೆಂಟ್ ಕಡಿಯುವ ಒಂದು ರಿಲೇ ಇರಬಹುದು. ಆ ಅಗ್ಗದ ರಿಲೇ ಕೈಕೊಟ್ಟರೆ ಕಾರು ಸುಮ್ನೆ ನಿಲ್ಲುತ್ತದೆ. ಕಂಪನಿಯ ವೈರಿಂಗ್ ನಕ್ಷೆಯಲ್ಲಿ ಅದು ಇರುವುದಿಲ್ಲ, ಹಾಗಾಗಿ ಮೆಕ್ಯಾನಿಕ್‌ಗೂ ಬೇಗ ಸಿಗುವುದಿಲ್ಲ. ಇಂಥದ್ದು ಇದೆ ಎಂದು ಗೊತ್ತಿದ್ದರೆ ಮೊದಲೇ ಹೇಳಿಬಿಡಿ.

ಹಂತ 3: ಪೆಟ್ರೋಲ್ ಇದೆಯಾ, ಯಾವ ಪೆಟ್ರೋಲ್ ಇದೆ?

ಮುಳ್ಳನ್ನು ಪೂರ್ತಿ ನಂಬಬೇಡಿ. ಟ್ಯಾಂಕಿನೊಳಗಿನ ತೇಲುವ ಗುಂಡು ಸಿಕ್ಕಿಕೊಂಡಿದ್ದರೆ ಕಾಲು ಟ್ಯಾಂಕ್ ಎಂದು ತೋರಿಸುತ್ತಲೇ ಖಾಲಿಯಾಗಿರುತ್ತದೆ. ಇಳಿಜಾರಿನಲ್ಲಿ ನಿಲ್ಲಿಸಿದ ಕಾರಿನಲ್ಲಿ ಪೆಟ್ರೋಲ್ ಕಮ್ಮಿ ಇದ್ದರೆ ಅದು ಒಂದು ಬದಿಗೆ ಸರಿದು ಪಂಪ್‌ಗೆ ಸಿಗುವುದಿಲ್ಲ. ಐದು ಲೀಟರ್ ತಂದು ಹಾಕಿ, ಕೀಯನ್ನು ಮೂರ್ನಾಲ್ಕು ಸಲ ಆನ್ ಆಫ್ ಮಾಡಿ, ಆಮೇಲೆ ಸೆಲ್ಫ್ ಹೊಡೆಯಿರಿ.

ಪೆಟ್ರೋಲ್ ಹಾಕಿಸಿ ಸ್ವಲ್ಪ ದೂರ ಹೋದ ಮೇಲೆ ಕಾರು ನಿಂತಿದ್ದರೆ ಅದು ಬೇರೆ ಕಥೆ. ಈಗ ಬಂಕ್‌ಗಳಲ್ಲಿ ಸಿಗುವ ಪೆಟ್ರೋಲ್‌ನಲ್ಲಿ ಶೇ. 20ರವರೆಗೆ ಎಥನಾಲ್ ಬೆರೆತಿರುತ್ತದೆ. ಎಥನಾಲ್ ನೀರನ್ನು ಹೀರಿಕೊಳ್ಳುತ್ತದೆ. ನೀರು ಮಿತಿ ಮೀರಿದರೆ ನೀರು, ಎಥನಾಲ್ ಎರಡೂ ಸೇರಿ ಪೆಟ್ರೋಲ್‌ನಿಂದ ಬೇರೆಯಾಗಿ ತಳ ಹಿಡಿಯುತ್ತವೆ. ಪಂಪ್ ಎಳೆಯುವುದು ತಳದಿಂದಲೇ ಅಲ್ವಾ? ಆಗ ಮುಳ್ಳು ಫುಲ್ ಇದ್ದರೂ ಇಂಜಿನ್ ಹತ್ತುವುದಿಲ್ಲ. ಮೆಕ್ಯಾನಿಕ್ ಕೈಯಲ್ಲಿ ಸ್ವಲ್ಪ ಪೆಟ್ರೋಲ್ ತೆಗೆಸಿ ಗಾಜಿನ ಬಾಟಲಿಯಲ್ಲಿ ಬಿಡಿ. ಕೆಳಗೆ ಬೇರೆ ಪದರ ಕಂಡರೆ ಅನುಮಾನ ನಿಜ. ಫೋಟೊ ತೆಗೆದಿಟ್ಟುಕೊಳ್ಳಿ, ಬಿಲ್ ಎಸೆಯಬೇಡಿ. ಬಂಕ್‌ನಲ್ಲಿ ಫಿಲ್ಟರ್ ಪೇಪರ್ ಪರೀಕ್ಷೆ ಕೇಳಿ ಮಾಡಿಸಬಹುದು. ಆದರೆ ಅದರಲ್ಲಿ ಗೊತ್ತಾಗುವುದು ಎಣ್ಣೆ ಜಾತಿಯ ಕಲಬೆರಕೆ, ನೀರಲ್ಲ.

ಪೆಟ್ರೋಲ್ ಕಾರಿಗೆ ಡೀಸೆಲ್, ಡೀಸೆಲ್ ಕಾರಿಗೆ ಪೆಟ್ರೋಲ್ ಹಾಕಿಬಿಟ್ಟಿದ್ದಾರೆ ಎಂದು ಬಂಕ್‌ನಲ್ಲೇ ಗೊತ್ತಾದರೆ ಕೀಯನ್ನೇ ಮುಟ್ಟಬೇಡಿ. ತಳ್ಳಿ ಬದಿಗಿಟ್ಟು ಟ್ಯಾಂಕ್ ಖಾಲಿ ಮಾಡಿಸಿ.

ಹಂತ 4: ಪಂಪ್ ಸದ್ದು, ಫ್ಯೂಸ್, ರಿಲೇ

ನನ್ನ ಲೆಕ್ಕದಲ್ಲಿ ಇದು ಎಲ್ಲಕ್ಕಿಂತ ಮುಖ್ಯವಾದ ಹಂತ, ನಿಧಾನವಾಗಿ ಮಾಡಿ.

ಪೆಟ್ರೋಲ್ ಪಂಪ್ ಟ್ಯಾಂಕಿನ ಒಳಗೇ ಇರುತ್ತದೆ, ಹೆಚ್ಚಿನ ಕಾರುಗಳಲ್ಲಿ ಹಿಂದಿನ ಸೀಟಿನ ಕೆಳಗೆ. ಕೀ ಆನ್ ಮಾಡಿದ ಕೂಡಲೇ ಅದು ಎರಡು ಮೂರು ಸೆಕೆಂಡ್ "ಝುಂ" ಎಂದು ಓಡಿ, ಪೈಪಿನಲ್ಲಿ ಒತ್ತಡ ತುಂಬಿಸಿ ನಿಲ್ಲುತ್ತದೆ. ಎಸಿ ಫ್ಯಾನ್, ಹಾಡು ಎಲ್ಲ ಆಫ್ ಮಾಡಿ. ಒಬ್ಬರು ಕೀ ಆನ್ ಮಾಡಲಿ, ನೀವು ಹಿಂದಿನ ಸೀಟಿಗೆ ಕಿವಿ ಇಟ್ಟು ಕೇಳಿ. ಸದ್ದು ಬಂದರೆ ಪಂಪ್‌ಗೆ ಕರೆಂಟ್ ಬರುತ್ತಿದೆ, ಪಂಪ್ ತಿರುಗುತ್ತಿದೆ. ಒತ್ತಡ ಸಾಲುತ್ತಿದೆಯೋ ಇಲ್ಲವೋ ಎಂಬುದು ಗೇಜ್ ಹಾಕಿದರೆ ಮಾತ್ರ ಗೊತ್ತಾಗುತ್ತದೆ. ಫಿಲ್ಟರ್ ಕಟ್ಟಿದ್ದರೂ ಸದ್ದು ಬರುತ್ತದೆ.

ಸದ್ದೇ ಇಲ್ಲದಿದ್ದರೆ ಫ್ಯೂಸ್ ಡಬ್ಬಿ ತೆಗೆಯಿರಿ. ಒಂದು ಬಾನೆಟ್ ಕೆಳಗೆ, ಇನ್ನೊಂದು ಡ್ಯಾಶ್‌ಬೋರ್ಡ್ ಕೆಳಗೆ ಇರುತ್ತದೆ. ಮುಚ್ಚಳದ ಹಿಂದೆ ಅಥವಾ ಪುಸ್ತಕದಲ್ಲಿ ನಕ್ಷೆ ಇರುತ್ತದೆ. ಕೀ ಆಫ್ ಮಾಡಿ, ಪಂಪ್‌ನ ಫ್ಯೂಸ್ ಕಿತ್ತು ಬೆಳಕಿಗೆ ಹಿಡಿಯಿರಿ. ಒಳಗಿನ ತಂತಿ ತುಂಡಾಗಿದ್ದರೆ ಸುಟ್ಟಿದೆ. ಅಷ್ಟೇ ಆಂಪಿಯರ್‌ನ ಫ್ಯೂಸ್ ಹಾಕಬೇಕು. ಬಣ್ಣ ನೋಡಿ: ಕೆಂಪು 10, ನೀಲಿ 15, ಹಳದಿ 20, ಹಸಿರು 30. ಫ್ಯೂಸ್ ಇಲ್ಲವೆಂದು ತಾಮ್ರದ ತಂತಿ ಸುತ್ತಿ ಹಾಕುವ ಅಭ್ಯಾಸ ಕೆಲವರಿಗಿದೆ. ದಯವಿಟ್ಟು ಬೇಡ. ಅದು ಪೆಟ್ರೋಲ್ ಟ್ಯಾಂಕಿನೊಳಗೆ ಹೋಗುವ ವೈರ್. ಹೊಸ ಫ್ಯೂಸೂ ಕೂಡಲೇ ಸುಟ್ಟರೆ ಎಲ್ಲೋ ಶಾರ್ಟ್ ಆಗುತ್ತಿದೆ, ಮತ್ತೊಂದು ಹಾಕಿ ನೋಡುವುದರಲ್ಲಿ ಅರ್ಥವಿಲ್ಲ.

ಫ್ಯೂಸ್ ಸರಿ ಇದ್ದರೆ ರಿಲೇ. ಸಣ್ಣ ಕರೆಂಟ್‌ನಿಂದ ದೊಡ್ಡ ಕರೆಂಟ್ ಆನ್ ಮಾಡುವ ಚೌಕಾಕಾರದ ಸ್ವಿಚ್ ಇದು. ಕೀ ಆನ್ ಮಾಡಿದಾಗ ಅದರ ಮೇಲೆ ಬೆರಳಿಟ್ಟರೆ "ಟಕ್" ಎಂದು ಗೊತ್ತಾಗುತ್ತದೆ. ಎಷ್ಟೋ ಕಾರುಗಳಲ್ಲಿ ಹಾರ್ನ್ ರಿಲೇ ಮತ್ತು ಪಂಪ್ ರಿಲೇ ಒಂದೇ ಜಾತಿಯದು. ಕೀ ಆಫ್ ಮಾಡಿ ಎರಡನ್ನೂ ಅದಲು ಬದಲು ಮಾಡಿ ನೋಡಿ. ಆದರೆ ಮೇಲೆ ಬರೆದಿರುವ ನಂಬರ್ ಮತ್ತು ಕೆಳಗಿನ ಕಾಲುಗಳು ಒಂದೇ ಆಗಿದ್ದರೆ ಮಾತ್ರ. ಈಗ ಕಾರು ಸ್ಟಾರ್ಟ್ ಆಗಿ ಹಾರ್ನ್ ಬಾರದೆ ಹೋದರೆ ರಿಲೇ ಹೋಗಿದೆ.

ರಿಲೇಯೂ ಸರಿ ಇದ್ದರೆ ಪಂಪೇ ಕೆಟ್ಟಿರಬಹುದು. ಒಬ್ಬರು ಸೆಲ್ಫ್ ಹೊಡೆಯುವಾಗ ಇನ್ನೊಬ್ಬರು ಟ್ಯಾಂಕಿನ ತಳಕ್ಕೆ ಅಂಗೈಯಿಂದ ನಾಲ್ಕು ಸಲ ತಟ್ಟಿ. ಸವೆದ ಮೋಟರ್ ಕೆಲವೊಮ್ಮೆ ಇಷ್ಟಕ್ಕೇ ಮತ್ತೆ ತಿರುಗುತ್ತದೆ. ತಿರುಗಿದರೆ ಅದು ರಿಪೇರಿಯಲ್ಲ, ಗ್ಯಾರೇಜ್‌ವರೆಗೆ ಹೋಗಲು ಸಿಕ್ಕ ಅವಕಾಶ ಮಾತ್ರ. ಯಾವಾಗಲೂ ರಿಸರ್ವ್‌ನಲ್ಲೇ ಓಡಿಸುವವರ ಪಂಪ್ ಬೇಗ ಹೋಗುತ್ತದೆ, ಯಾಕೆಂದರೆ ಅದನ್ನು ತಣ್ಣಗಿಡುವುದು ಸುತ್ತಲಿನ ಪೆಟ್ರೋಲೇ.

ಹಳೆಯ ಫೋರ್ಡ್, ಫಿಯಟ್ ಕಾರುಗಳಲ್ಲಿ ಅಪಘಾತವಾದಾಗ ಪೆಟ್ರೋಲ್ ನಿಲ್ಲಿಸುವ ಸ್ವಿಚ್ ಇರುತ್ತದೆ. ಕಾರು ರಸ್ತೆ ಗುಂಡಿಗೆ ಜೋರಾಗಿ ಬಿದ್ದರೂ ಅದು ತಾನಾಗಿ ಆಫ್ ಆಗಬಹುದು. ಪುಸ್ತಕ ನೋಡಿ ಜಾಗ ಹುಡುಕಿ ಒತ್ತಿದರೆ ಮತ್ತೆ ಸರಿಯಾಗುತ್ತದೆ. ಎಲ್ಲೂ ಪೆಟ್ರೋಲ್ ಸೋರುತ್ತಿಲ್ಲ ಎಂದು ಖಚಿತ ಮಾಡಿಕೊಂಡೇ ಒತ್ತಿ.

ಹಂತ 5: ಪೆಟ್ರೋಲ್ ಜಾಸ್ತಿಯಾಗಿದೆಯಾ?

ಬೆಳಗ್ಗೆ ಕಾರು ಸ್ಟಾರ್ಟ್ ಮಾಡಿ, ಹತ್ತಡಿ ಮುಂದೆ ತೆಗೆದು ಆಫ್ ಮಾಡಿದಿರಿ. ಒಂದು ಗಂಟೆ ಬಿಟ್ಟು ನೋಡಿದರೆ ಸ್ಟಾರ್ಟ್ ಆಗುತ್ತಿಲ್ಲ. ಸೈಲೆನ್ಸರ್ ಹತ್ತಿರ ಪೆಟ್ರೋಲ್ ವಾಸನೆ. ಇದು ಪ್ಲಗ್‌ಗಳು ಪೆಟ್ರೋಲ್‌ನಲ್ಲಿ ನೆನೆದಿರುವ ಲಕ್ಷಣ.

ಎಕ್ಸಲೇಟರ್ ಅನ್ನು ಪೂರ್ತಿ ಕೆಳಗೆ ತುಳಿದು ಹಿಡಿಯಿರಿ. ಹಾಗೇ ಹಿಡಿದುಕೊಂಡು 5ರಿಂದ 10 ಸೆಕೆಂಡ್ ಸೆಲ್ಫ್ ಹೊಡೆಯಿರಿ. ಹೆಚ್ಚಿನ ಇಂಜೆಕ್ಷನ್ ಕಾರುಗಳಲ್ಲಿ ಆಗ ಇಸಿಯು ಪೆಟ್ರೋಲ್ ಬಿಡುವುದನ್ನು ನಿಲ್ಲಿಸಿ ಬರೀ ಗಾಳಿ ಬಿಡುತ್ತದೆ, ಒಳಗೆ ಒಣಗುತ್ತದೆ. ಹತ್ತಿಕೊಂಡ ಕೂಡಲೇ ಕಾಲು ಸಡಿಲ ಮಾಡಿ. ಪದೇ ಪದೇ ಎಕ್ಸಲೇಟರ್ ಪಂಪ್ ಮಾಡುವುದು ಕಾರ್ಬುರೇಟರ್ ಕಾಲದ ಅಭ್ಯಾಸ, ಇಲ್ಲಿ ಅದರಿಂದ ಉಪಯೋಗವಿಲ್ಲ.

ಹಂತ 6: ಬಾನೆಟ್ ಎತ್ತಿ ಕಣ್ಣಾಡಿಸಿ

ಇಲಿ, ಹೆಗ್ಗಣ ವೈರ್ ಕಡಿಯುವುದು ನಮ್ಮ ಕಡೆ ತುಂಬಾ ಸಾಮಾನ್ಯ. ನಾಲ್ಕೈದು ದಿನ ಒಂದೇ ಕಡೆ ನಿಂತ ಕಾರಿನಲ್ಲಂತೂ ಮೊದಲು ಇದನ್ನೇ ನೋಡಬೇಕು. ಹಿಕ್ಕೆ, ಒಣ ಎಲೆ, ತಿಂಡಿ ಚೂರು ಕಂಡರೆ ಟಾರ್ಚ್ ಹಿಡಿದು ಇಂಜೆಕ್ಟರ್ ವೈರ್‌ಗಳನ್ನು ಒಂದೊಂದಾಗಿ ನೋಡಿ. ಏರ್ ಫಿಲ್ಟರ್ ಡಬ್ಬಿಯೊಳಗೆ ಗೂಡು ಕಟ್ಟಿರುವುದೂ ಉಂಟು. ಅಲ್ಲಿಂದ ಇಂಜಿನ್‌ಗೆ ಹೋಗುವ ದಪ್ಪ ರಬ್ಬರ್ ಪೈಪ್ ಕಳಚಿದೆಯಾ ನೋಡಿ. ಸರ್ವಿಸ್ ಆದ ಮರುದಿನವೇ ಈ ತೊಂದರೆ ಬಂದಿದ್ದರೆ ಮುಟ್ಟಿದ ಕನೆಕ್ಟರ್‌ಗಳನ್ನೆಲ್ಲ ಒತ್ತಿ ನೋಡಿ.

ಹಂತ 7: ಕಿಡಿ ಮತ್ತು ಸೆನ್ಸರ್

ಪ್ಲಗ್ ಬಿಚ್ಚಿ ಬಾಡಿಗೆ ತಾಗಿಸಿ ಕಿಡಿ ನೋಡುವ ಪದ್ಧತಿ ಹಳೆಯದು. ಈಗಿನ ಕಾರುಗಳಲ್ಲಿ ಬೇಡ ಎನ್ನುತ್ತೇನೆ. ಕಾಯಿಲ್‌ನಲ್ಲಿ ಸಾವಿರಾರು ವೋಲ್ಟ್ ಇರುತ್ತದೆ, ಪಕ್ಕದಲ್ಲೇ ಪೆಟ್ರೋಲ್ ಆವಿ ಇರುತ್ತದೆ, ತಪ್ಪಾಗಿ ಹಿಡಿದರೆ ಇಸಿಯುಗೂ ಪೆಟ್ಟು. ಪ್ಲಗ್ ಅಥವಾ ಕಾಯಿಲ್ ಒಂದೇ ಹೋಗಿದ್ದರೆ ಸಾಮಾನ್ಯವಾಗಿ ಇಂಜಿನ್ ಮಿಸ್ಸಿಂಗ್ ಹೊಡೆಯುತ್ತಾ ಸ್ಟಾರ್ಟ್ ಆಗುತ್ತದೆ. ಎಲ್ಲ ಸಿಲಿಂಡರ್‌ಗಳಲ್ಲೂ ಒಟ್ಟಿಗೆ ಕಿಡಿ ನಿಂತಿದೆ ಎಂದರೆ ಕಾರಣ ಮೇಲೆಲ್ಲೋ ಇದೆ.

ಹೆಚ್ಚಾಗಿ ಕ್ರ್ಯಾಂಕ್ ಸೆನ್ಸರ್. ಇಂಜಿನ್ ಎಷ್ಟು ತಿರುಗಿದೆ ಎಂದು ಇಸಿಯುಗೆ ಹೇಳುವ ಸಾಧನ ಅದು. ಅದು ಸುಮ್ಮನಾದರೆ ಇಂಜಿನ್ ಸುತ್ತುತ್ತಿರುವುದೇ ಇಸಿಯುಗೆ ತಿಳಿಯುವುದಿಲ್ಲ, ಪೆಟ್ರೋಲೂ ಬಿಡುವುದಿಲ್ಲ, ಕಿಡಿಯೂ ಕೊಡುವುದಿಲ್ಲ. ಇಂಜಿನ್ ಬಿಸಿಯಾದಾಗ ನಿಂತು, ಅರ್ಧ ಗಂಟೆ ತಣ್ಣಗಾದ ಮೇಲೆ ಏನೂ ಆಗದಂತೆ ಸ್ಟಾರ್ಟ್ ಆದರೆ ಮೊದಲ ಅನುಮಾನ ಇದರ ಮೇಲೆ.

ಇಲ್ಲಿ ಸ್ಕ್ಯಾನರ್ ಕೆಲಸಕ್ಕೆ ಬರುತ್ತದೆ. ಸ್ಟೀರಿಂಗ್ ಕೆಳಗಿನ ಒಬಿಡಿ ಪಿನ್‌ಗೆ ಚುಚ್ಚಿ, ಸೆಲ್ಫ್ ಹೊಡೆಯುವಾಗ ಆರ್‌ಪಿಎಂ ನೋಡಿ. ಸುಮಾರು 200ರ ಆಸುಪಾಸು ತೋರಿಸಬೇಕು. ಸೊನ್ನೆಯಲ್ಲೇ ಇದ್ದರೆ ಸೆನ್ಸರ್ ಅಥವಾ ಅದರ ವೈರ್. ಕೋಡ್ ಪಿ0335 ಬಂದರೆ ಕ್ರ್ಯಾಂಕ್ ಸೆನ್ಸರ್, ಪಿ0340 ಕ್ಯಾಮ್ ಸೆನ್ಸರ್ (ಮೇಲಿನ ವಾಲ್ವ್‌ಗಳ ಕಡೆಯದು), ಪಿ0230 ಪಂಪ್‌ನ ಕರೆಂಟ್ ದಾರಿ. ಕೋಡ್ ಬಂದ ತಕ್ಷಣ ಆ ಭಾಗವನ್ನೇ ಬದಲಿಸಲು ಹೋಗಬೇಡಿ. ಕೋಡ್ ಹೇಳುವುದು ತೊಂದರೆ ಯಾವ ದಾರಿಯಲ್ಲಿದೆ ಎಂದಷ್ಟೇ. ಸಡಿಲವಾದ ಕನೆಕ್ಟರ್‌ಗೂ ಅದೇ ಕೋಡ್ ಬರುತ್ತದೆ. ಓದುವ ಮೊದಲು ಕೋಡ್ ಅಳಿಸಿಬಿಡಬೇಡಿ.

ಡೀಸೆಲ್, ಸಿಎನ್‌ಜಿ ಕಾರಾದರೆ

ಡೀಸೆಲ್‌ನಲ್ಲಿ ಕಿಡಿ ಇಲ್ಲ. ಸುರುಳಿ ಚಿತ್ರದ ಹೀಟರ್ ಪ್ಲಗ್ ದೀಪ ಆರಿದ ಮೇಲೆಯೇ ಸೆಲ್ಫ್ ಹೊಡೆಯಿರಿ. ಡೀಸೆಲ್ ಪೂರ್ತಿ ಖಾಲಿಯಾಗಿ ನಿಂತಿದ್ದರೆ ಪೈಪಿನಲ್ಲಿ ಏರ್ ಹಿಡಿದಿರುತ್ತದೆ. ಫಿಲ್ಟರ್ ಹತ್ತಿರ ಕೈಪಂಪ್ ಇದ್ದರೆ ಗಟ್ಟಿಯಾಗುವವರೆಗೆ ಒತ್ತಿ. ಫಿಲ್ಟರ್‌ನಲ್ಲಿ ನೀರು ತುಂಬಿದ ದೀಪ ಬಂದಿದ್ದರೆ ಮೊದಲು ಅದನ್ನು ಇಳಿಸಬೇಕು. ಕಾಮನ್ ರೈಲ್ ಇಂಜಿನ್‌ನ, ಅಂದರೆ ಈಗಿನ ಡೀಸೆಲ್ ಇಂಜಿನ್‌ನ, ಇಂಜೆಕ್ಟರ್ ಪೈಪನ್ನು ಮಾತ್ರ ಯಾವತ್ತೂ ಸಡಿಲ ಮಾಡಬೇಡಿ, ಅಲ್ಲಿನ ಒತ್ತಡಕ್ಕೆ ಡೀಸೆಲ್ ಚರ್ಮ ಸೀಳಿ ಒಳಹೋಗುತ್ತದೆ. ಹೀಟರ್ ಪ್ಲಗ್ ಇರುವ ಇಂಜಿನ್‌ಗೆ ಸ್ಟಾರ್ಟಿಂಗ್ ಸ್ಪ್ರೇ ಹೊಡೆಯುವುದೂ ಅಪಾಯ.

ಸಿಎನ್‌ಜಿ ಕಾರುಗಳಲ್ಲಿ ಹೆಚ್ಚಿನವು ಪೆಟ್ರೋಲ್‌ನಲ್ಲಿ ಸ್ಟಾರ್ಟ್ ಆಗಿ ಆಮೇಲೆ ಗ್ಯಾಸ್‌ಗೆ ಬದಲಾಗುತ್ತವೆ. ಟಾಟಾದ ಕೆಲವು ಕಾರುಗಳು ನೇರ ಗ್ಯಾಸ್‌ನಲ್ಲೇ ಸ್ಟಾರ್ಟ್ ಆಗುತ್ತವೆ. ಗ್ಯಾಸ್ ತುಂಬಿದೆಯೆಂದು ಪೆಟ್ರೋಲ್ ಮರೆತಿದ್ದೀರಾ, ತಿಂಗಳುಗಟ್ಟಲೆ ಹಳೆಯದಾದ ಪೆಟ್ರೋಲ್ ಇದೆಯಾ ನೋಡಿ.

ಇಷ್ಟಾದರೂ ಸ್ಟಾರ್ಟ್ ಆಗದಿದ್ದರೆ

ತಳ್ಳಿ ಸ್ಟಾರ್ಟ್ ಮಾಡಬೇಡಿ. ಸೆಲ್ಫೇ ಇಂಜಿನ್ ಸುತ್ತಿಸುತ್ತಿರುವಾಗ ತಳ್ಳುವುದರಿಂದ ಹೊಸದೇನೂ ಆಗುವುದಿಲ್ಲ. ಉರಿಯದ ಪೆಟ್ರೋಲ್ ಸೈಲೆನ್ಸರ್ ದಾರಿಯಲ್ಲಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಹೋಗಿ ಅದನ್ನು ಸುಡುತ್ತದೆ, ಅದು ದುಬಾರಿ ಭಾಗ. ಆಟೊಮ್ಯಾಟಿಕ್ ಕಾರನ್ನು ನಾಲ್ಕೂ ಚಕ್ರ ಮೇಲೇರುವ ಫ್ಲಾಟ್‌ಬೆಡ್‌ನಲ್ಲೇ ಸಾಗಿಸಿ.

ಮೆಕ್ಯಾನಿಕ್‌ಗೆ "ಸ್ಟಾರ್ಟ್ ಆಗ್ತಿಲ್ಲ" ಎಂದಷ್ಟೇ ಹೇಳಬೇಡಿ. ಸೆಲ್ಫ್ ಹೇಗೆ ಸುತ್ತುತ್ತಿದೆ, ಪಂಪ್ ಸದ್ದು ಬರುತ್ತಿದೆಯಾ, ಯಾವ ದೀಪ ಉರಿಯುತ್ತಿದೆ, ಇಂಜಿನ್ ಬಿಸಿ ಇತ್ತಾ ತಣ್ಣಗಿತ್ತಾ, ಕೊನೆಗೆ ಪೆಟ್ರೋಲ್ ಹಾಕಿಸಿದ್ದು ಎಲ್ಲಿ, ಏನೇನು ಅದಲು ಬದಲು ಮಾಡಿದ್ದೀರಿ, ಎಲ್ಲ ಹೇಳಿ. ಸೆಲ್ಫ್ ಸದ್ದನ್ನು ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿ ಕಳಿಸಿದರೆ ಇನ್ನೂ ಒಳ್ಳೆಯದು. ಪಂಪ್ ಬದಲಿಸಬೇಕು ಎಂದರೆ ಒತ್ತಡ ಎಷ್ಟು ಬಂತು ಎಂದು ಕೇಳಿ. ಇಸಿಯು ಹೋಗಿದೆ ಎಂದರೆ ಅದರ ಫ್ಯೂಸ್, ರಿಲೇ, ಅರ್ತ್ ವೈರ್ ನೋಡಿದ್ದೀರಾ ಎಂದು ಕೇಳಿ. ಇಸಿಯು ಕೆಡುವುದು ತುಂಬಾ ಅಪರೂಪ. ಬದಲಿಸಿದ ಹಳೆಯ ಭಾಗವನ್ನು ಬಿಲ್ ಜೊತೆಗೆ ಕೇಳಿ ತೆಗೆದುಕೊಳ್ಳಿ.